ನಡುನೋವು ಮತ್ತು ಅಂಗಸಾಧನೆ: ದುಡಿಯುವ ದಂಪತಿಗಳಿಗೆ ಕೆಲವು ಮಾತುಗಳು

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳ ಯಾವುದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ದಿನ ಕುಳಿತು ನೋಡಿದರೆ, "ಟೊಂಕ ಭಾಳ ನೋಯ್ತದ್ರಿ" ಎಂಬ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ತೊಗರಿ ಮತ್ತು ಹತ್ತಿಯ ಹೊಲಗಳಲ್ಲಿ ಕಳೆ ತೆಗೆಯುವುದು, ನಾರಾಯಣಪುರದ ಬಸವಸಾಗರ ಜಲಾಶಯದ ಕಾಲುವೆ ನೀರು ಹರಿಯುವ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವುದು, ಹತ್ತಿ ಬಿಡಿಸುವುದು, ಜೋಳ ಕೊಯ್ಯುವುದು, ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಹೋಗಿ ಇಟ್ಟಿಗೆ ಸಿಮೆಂಟು ಹೊರುವುದು, ಇವೆಲ್ಲವೂ ನಡುವಿನ ಮೇಲೆ ಭಾರ ಹಾಕುವ ಕೆಲಸಗಳೇ. ಹೆಣ್ಣುಮಕ್ಕಳಿಗಂತೂ ಇವುಗಳ ಜೊತೆಗೆ ನೀರು ತರುವುದು, ಕಸ ಗುಡಿಸುವುದು, ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದು, ಮಗುವನ್ನು ಟೊಂಕದ ಮೇಲೆ ಎತ್ತಿಕೊಂಡು ತಿರುಗುವುದು ಸೇರುತ್ತದೆ. ಈ ನೋವು ನಮ್ಮ ಭಾಗಕ್ಕೆ ಮಾತ್ರ ಸೀಮಿತವಾದುದಲ್ಲ. 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರು ನಡುನೋವಿನಿಂದ ಬಳಲುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ.

ಸುರಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಬಂದ ದಂಪತಿಗಳ ವಿಷಯವನ್ನು ಇಲ್ಲಿ ಹೇಳುವುದು ಉಚಿತವೆನಿಸುತ್ತದೆ. ಆ ತಾಯಿಗೆ ಮೂವರು ಮಕ್ಕಳು. ಎರಡು ವರ್ಷಗಳ ಹಿಂದೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿತ್ತು. "ಆಪರೇಷನ್ ಆದಾಗಿಂದ ಟೊಂಕದಾಗ ಶಕ್ತೀನೇ ಇಲ್ರಿ" ಎಂದು ಅವರು ಹೇಳಿದರು. ಪಕ್ಕದಲ್ಲಿದ್ದ ಯಜಮಾನರು, "ನಾ ಮಾಡಿಸಿಕೊಂಡಿದ್ರ ನಾನೂ ಹಿಂಗೇ ಆಗ್ತಿದ್ದೆ, ಅಲ್ರೀ?" ಎಂದರು. ಈ ಮಾತನ್ನೇ ನಂಬಿ, ಅದೇ ಮನೆಯ ನೆಗೆಣ್ಣಿಯು ತನಗೆ ಶಸ್ತ್ರಚಿಕಿತ್ಸೆ ಬೇಡವೆಂದು ಬಿಟ್ಟಿದ್ದರು. ಮೈಯಲ್ಲಿ ರಕ್ತ ಕಡಿಮೆ ಇರುವಾಗಲೇ, ತಾವು ಬಯಸದ ನಾಲ್ಕನೆಯ ಬಸಿರನ್ನು ಹೊತ್ತಿದ್ದರು. ಒಂದು ನೋವಿನ ಬಗ್ಗೆ ಇರುವ ತಪ್ಪು ತಿಳಿವಳಿಕೆ ಇನ್ನೊಂದು ಜೀವಕ್ಕೆ ಅಪಾಯ ತರುವುದು ಹೀಗೆ.

ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಆ ತಾಯಿ ಅದಕ್ಕೆ ಮೊದಲು ಎರಡು ಸಲ ಬಂದಾಗ ನಾನು ನೋವಿನ ಮಾತ್ರೆ ಬರೆದುಕೊಟ್ಟು ಕಳುಹಿಸಿದ್ದೆ. ಅವರು ದಿನವೆಲ್ಲ ಹೇಗೆ ಬಗ್ಗುತ್ತಾರೆ, ಏನು ಎತ್ತುತ್ತಾರೆ ಎಂದು ಕೇಳಿರಲಿಲ್ಲ. ಕೇಳಿದ್ದರೆ ಉತ್ತರ ಅಂದೇ ಸಿಗುತ್ತಿತ್ತು.

ನಡುನೋವು ಏಕೆ ಬರುತ್ತದೆ?

ನಮ್ಮ ಬೆನ್ನೆಲುಬು ಒಂದರ ಮೇಲೊಂದು ಜೋಡಿಸಿದ ಮಣಿಗಳಿಂದ ಆಗಿದೆ. ಮಣಿಗಳ ನಡುವೆ ಮೆತ್ತೆಗಳಿವೆ. ಇವನ್ನು ಅಸ್ಥಿರಜ್ಜುಗಳು ಕಟ್ಟಿ ಹಿಡಿದಿರುತ್ತವೆ. ಸುತ್ತಲಿನ ಸ್ನಾಯುಗಳು ನಿಲ್ಲಿಸಿ ನಡೆಸುತ್ತವೆ. ಹಿಂದೆ ಬೆನ್ನಿನ ಸ್ನಾಯುಗಳು, ಮುಂದೆ ಹೊಟ್ಟೆಯ ಸ್ನಾಯುಗಳು, ಕೆಳಗೆ ಪೃಷ್ಠದ ಮತ್ತು ತೊಡೆಯ ಸ್ನಾಯುಗಳು. ಗುಡಾರದ ಹಗ್ಗಗಳಂತೆ ಇವೆಲ್ಲವೂ ಸಮನಾಗಿ ಬಿಗಿದಿದ್ದರೆ ಮಾತ್ರ ಕಂಬವು ನೆಟ್ಟಗೆ ನಿಲ್ಲುತ್ತದೆ. ಒಂದು ಕಡೆಯ ಹಗ್ಗ ಸಡಿಲವಾದರೆ ಇನ್ನೊಂದು ಕಡೆಯದು ಜಗ್ಗುತ್ತದೆ. ಹಾಗೆ ಸದಾ ಜಗ್ಗಿಸಿಕೊಂಡ ಸ್ನಾಯುವೇ ನೋಯುವ ಸ್ನಾಯು.

ಹಾರೆಯಿಂದ ಬಂಡೆ ಮೀಟುವವರಿಗೆ ಒಂದು ಲೆಕ್ಕ ಗೊತ್ತು. ಹಾರೆಯ ತುದಿಯನ್ನು ಹಿಡಿದು ಅದುಮಿದರೆ ಬಂಡೆ ಸುಲಭವಾಗಿ ಏಳುತ್ತದೆ. ಬುಡದ ಬಳಿ ಹಿಡಿದರೆ ಎಷ್ಟು ಬಲ ಹಾಕಿದರೂ ಸಾಲದು. ಬೆನ್ನಿನ ಸ್ನಾಯುವಿನ ಪಾಡು ಹಾರೆಯನ್ನು ಬುಡದಲ್ಲಿ ಹಿಡಿದವನ ಪಾಡು. ಅದು ಬೆನ್ನೆಲುಬಿನಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿದೆ. 15 ಲೀಟರಿನ ತುಂಬಿದ ಕೊಡವನ್ನು ಮೈಯಿಂದ 50 ಸೆಂಟಿಮೀಟರ್ ದೂರ ಹಿಡಿದು ಎತ್ತಿದರೆ, ಆ ಕೊಡಕ್ಕಾಗಿಯೇ ಬೆನ್ನಿನ ಸ್ನಾಯು ಸುಮಾರು 150 ಕಿಲೋ ಭಾರಕ್ಕೆ ಸಮನಾದ ಬಲ ಹಾಕಬೇಕಾಗುತ್ತದೆ. ಅದೇ ಕೊಡವನ್ನು ಮೈಗೆ ಹತ್ತಿರ, 25 ಸೆಂಟಿಮೀಟರಿನಲ್ಲಿ ಹಿಡಿದು ಎತ್ತಿದರೆ 75 ಕಿಲೋ ಸಾಕು. ಕೊಡ ಬದಲಾಗಲಿಲ್ಲ, ಎತ್ತುವ ರೀತಿ ಬದಲಾಯಿತು.

ಇನ್ನೊಂದು ಸಂಗತಿಯೂ ಇದೆ. ನಾಟಿ ಮಾಡುವಾಗ ಪೂರ್ತಿ ಬಗ್ಗಿ ಬಹಳ ಹೊತ್ತು ನಿಂತರೆ ಸ್ನಾಯುಗಳು ಕೆಲಸ ನಿಲ್ಲಿಸಿ, ಭಾರವೆಲ್ಲ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಅವು ನಿಧಾನವಾಗಿ ಹಿಗ್ಗುತ್ತವೆ. ಮತ್ತೆ ಮೊದಲಿನಂತಾಗಲು ಸಮಯ ಬೇಕು. ಆದುದರಿಂದಲೇ ಬಗ್ಗಿ ಕೆಲಸ ಮಾಡಿ ಎದ್ದ ಕೂಡಲೇ ಚೀಲ ಎತ್ತಿದವರಿಗೆ ನಡು ಹಿಡಿದುಕೊಳ್ಳುವುದು ಸಾಮಾನ್ಯ.

ಶಸ್ತ್ರಚಿಕಿತ್ಸೆಯಿಂದ ನಡು ದುರ್ಬಲವಾಗುವುದೇ?

ಇಲ್ಲ. ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶದ ಎರಡು ಬದಿಯ ಅಂಡನಾಳಗಳನ್ನು ಮಾತ್ರ ಮುಚ್ಚುತ್ತಾರೆ. ಗಂಡಸರ ಶಸ್ತ್ರಚಿಕಿತ್ಸೆಯಲ್ಲಿ ವೃಷಣಚೀಲದೊಳಗಿನ ವೀರ್ಯನಾಳಗಳನ್ನು ಮಾತ್ರ ಮುಚ್ಚುತ್ತಾರೆ. ಎರಡರಲ್ಲಿಯೂ ಬೆನ್ನೆಲುಬನ್ನಾಗಲಿ ಬೆನ್ನಿನ ಸ್ನಾಯುವನ್ನಾಗಲಿ ಮುಟ್ಟುವುದಿಲ್ಲ. ಗಂಡಸರ ಶಸ್ತ್ರಚಿಕಿತ್ಸೆ ಹೊಲಿಗೆಯಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಎರಡು ದಿನ ವಿಶ್ರಾಂತಿ ಪಡೆದು ಒಂದು ವಾರ ಭಾರ ಎತ್ತದಿದ್ದರೆ ಸಾಕು. ದುಡಿಯುವ ಶಕ್ತಿಯೂ ದಾಂಪತ್ಯ ಸುಖವೂ ಕುಂದುವುದಿಲ್ಲ. ಆದರೆ ಅದು ಫಲಕಾರಿಯಾಗಲು 3 ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಮುಂತಾದ ಬೇರೆ ವಿಧಾನ ಬಳಸಿ, ಬಳಿಕ ವೀರ್ಯಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಬೆನ್ನಿಗೆ ಅರಿವಳಿಕೆಯ ಸೂಜಿ ಚುಚ್ಚಿದ್ದಲ್ಲಿ ಆ ಜಾಗ ಕೆಲವು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ನೋವಿಗೆ ಅದನ್ನು ಕಾರಣವೆನ್ನಲಾಗದು.

ಹಾಗಾದರೆ ಶಸ್ತ್ರಚಿಕಿತ್ಸೆಯ ನಂತರವೇ ಅನೇಕ ತಾಯಂದಿರಿಗೆ ನೋವು ಏಕೆ ಕಾಣಿಸುತ್ತದೆ? ಆ ಹೊತ್ತಿಗೆ ಎರಡು ಮೂರು ಹೆರಿಗೆಗಳಾಗಿರುತ್ತವೆ. ಬಸಿರಿನಲ್ಲಿ ಹಿಗ್ಗಿದ ಹೊಟ್ಟೆಯ ಸ್ನಾಯುಗಳು ಮತ್ತೆ ಬಲಗೊಳ್ಳುವ ಮೊದಲೇ ಹೊಲದ ಕೆಲಸ ಕರೆಯುತ್ತದೆ. ಮುಂದಿನ ಹಗ್ಗ ಸಡಿಲವಾದ ಗುಡಾರದಂತೆ ಎಲ್ಲ ಭಾರ ಹಿಂದಿನ ಹಗ್ಗದ ಮೇಲೆ ಬೀಳುತ್ತದೆ. ರಕ್ತಹೀನತೆ ಇದ್ದರೆ ಆಯಾಸ ಇನ್ನೂ ಹೆಚ್ಚು. ಎಲ್ಲವೂ ಒಂದೇ ಕಾಲಕ್ಕೆ ಕೂಡಿಬರುವುದರಿಂದ ಅಪವಾದ ಶಸ್ತ್ರಚಿಕಿತ್ಸೆಯ ಮೇಲೆ ಬರುತ್ತದೆ. ಯಾವ ಕುಟುಂಬ ಕಲ್ಯಾಣ ವಿಧಾನವನ್ನು ಅನುಸರಿಸಬೇಕೆಂಬುದು ದಂಪತಿಗಳ ಇಚ್ಛೆಗೆ ಬಿಟ್ಟದ್ದು. ಆದರೆ ಇಲ್ಲದ ಭಯಕ್ಕೆ ಅಂಜಿ ಯಾವುದನ್ನೂ ಬಿಡಬಾರದು.

ತಿದ್ದುವ ಅಂಗಸಾಧನೆ ಎಂದರೇನು?

"ದಿನವೆಲ್ಲ ಹೊಲದಲ್ಲಿ ದುಡಿಯುತ್ತೇವೆ, ಮತ್ತೆ ವ್ಯಾಯಾಮ ಏಕೆ?" ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದು. ಆದರೆ ದುಡಿಮೆಯು ಕೆಲವು ಸ್ನಾಯುಗಳನ್ನು ಮಾತ್ರ ಮತ್ತೆ ಮತ್ತೆ ಒಂದೇ ರೀತಿಯಲ್ಲಿ ದುಡಿಸುತ್ತದೆ. ಕೆಲವು ಬಿಗಿದುಕೊಳ್ಳುತ್ತವೆ, ಕೆಲವು ಸೋಮಾರಿಯಾಗುತ್ತವೆ. ಬಿಗಿದುದನ್ನು ಸಡಿಲಿಸುವುದು, ದುರ್ಬಲವಾದುದನ್ನು ಬಲಪಡಿಸುವುದು, ಅನಂತರ ಬಗ್ಗುವ ಏಳುವ ರೀತಿಯನ್ನೇ ತಿದ್ದಿಕೊಳ್ಳುವುದು, ಈ ಮೂರು ಸೇರಿದರೆ ತಿದ್ದುವ ಅಂಗಸಾಧನೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ದೀರ್ಘಕಾಲದ ನಡುನೋವಿಗೆ ವ್ಯಾಯಾಮ ಮತ್ತು ತಿಳಿವಳಿಕೆಯನ್ನು ಶಿಫಾರಸು ಮಾಡಿದೆ. ಅಂಗಡಿಯಲ್ಲಿ ಕೊಳ್ಳುವ ನಡುಪಟ್ಟಿಯನ್ನು ಸಾಮಾನ್ಯ ಚಿಕಿತ್ಸೆಯಾಗಿ ಬಳಸಬಾರದೆಂದೂ ಹೇಳಿದೆ.

ಮೊದಲು ಗಂಡ ಹೆಂಡತಿ ಒಬ್ಬರನ್ನೊಬ್ಬರು ಪರೀಕ್ಷಿಸಿ ನೋಡಿಕೊಳ್ಳಿರಿ:

(ಅ) ಕೈಯೂರದೆ ಹೊರಸಿನಿಂದ ಎದ್ದು ನಿಲ್ಲಲು ಕಷ್ಟವಾದರೆ ತೊಡೆ ಮತ್ತು ಪೃಷ್ಠದ ಸ್ನಾಯುಗಳಲ್ಲಿ ಬಲ ಕಡಿಮೆ ಇದೆ.

(ಆ) ಅಂಗಾತ ಮಲಗಿ, ಮೊಣಕಾಲು ಮಡಿಸದೆ ಒಂದು ಕಾಲನ್ನು ಮೇಲಕ್ಕೆತ್ತಿದಾಗ ಸ್ವಲ್ಪಕ್ಕೇ ತೊಡೆಯ ಹಿಂಭಾಗ ಸೆಳೆದರೆ ಅಲ್ಲಿಯ ಸ್ನಾಯು ಬಿಗಿದಿದೆ.

(ಇ) ಬೆನ್ನಿಗೆ ಉದ್ದನೆಯ ಕೋಲು ತಾಗಿಸಿಕೊಂಡು ಬಗ್ಗಿದಾಗ ಕೋಲು ಬೆನ್ನನ್ನು ಬಿಟ್ಟು ದೂರ ಸರಿದರೆ, ನೀವು ತೊಡೆಯ ಮೇಲಿನ ಕೀಲಿನಿಂದ ಬಗ್ಗದೆ ಬೆನ್ನನ್ನೇ ಬಿಲ್ಲಿನಂತೆ ಬಾಗಿಸುತ್ತಿದ್ದೀರಿ.

ಎಂಟು ಅಂಗಸಾಧನೆಗಳು

ಚಾಪೆ, ಗೋಡೆ, ಹೊರಸು, ಟವೆಲು ಮತ್ತು ಒಂದು ಕೋಲು ಇದ್ದರೆ ಸಾಕು.

1. ಮೊಣಕಾಲನ್ನು ಎದೆಗೆ ತರುವುದು: ಅಂಗಾತ ಮಲಗಿ ಒಂದು ಮೊಣಕಾಲನ್ನು ಎರಡೂ ಕೈಗಳಿಂದ ಎದೆಯತ್ತ ಎಳೆದುಕೊಳ್ಳಿರಿ. 20 ಎಣಿಸುವವರೆಗೆ ಹಿಡಿದು ಬಿಡಿರಿ. ಒಂದೊಂದು ಕಾಲಿಗೆ 3 ಸಲ. ಬೆನ್ನಿನ ಕೆಳಭಾಗ ಸಡಿಲವಾಗುತ್ತದೆ.

2. ಬೆಕ್ಕಿನ ಬೆನ್ನು: ಅಂಗೈ ಮತ್ತು ಮೊಣಕಾಲುಗಳನ್ನು ಊರಿ, ಬೆಕ್ಕು ಮೈಮುರಿಯುವಂತೆ ಬೆನ್ನನ್ನು ಮೇಲಕ್ಕುಬ್ಬಿಸಿ, ಬಳಿಕ ಕೆಳಕ್ಕೆ ಇಳಿಸಿರಿ. ನಿಧಾನವಾಗಿ 10 ಸಲ.

3. ತೊಡೆಯ ಹಿಂಭಾಗವನ್ನು ಹಿಗ್ಗಿಸುವುದು: ಅಂಗಾತ ಮಲಗಿ ಪಾದಕ್ಕೆ ಟವೆಲು ಹಾಕಿ, ಕಾಲನ್ನು ನೇರವಾಗಿ ಮೇಲಕ್ಕೆ ಎಳೆಯಿರಿ. ಹಿತವಾದ ಸೆಳೆತ ತಿಳಿದಲ್ಲಿ ನಿಲ್ಲಿಸಿ 20 ಎಣಿಸಿರಿ. ಒಂದೊಂದು ಕಾಲಿಗೆ 3 ಸಲ. ಜಗ್ಗಾಡಬಾರದು.

4. ನಡು ಎತ್ತುವುದು: ಅಂಗಾತ ಮಲಗಿ ಮೊಣಕಾಲು ಮಡಿಸಿ, ಪಾದಗಳನ್ನು ನೆಲಕ್ಕೆ ಊರಿರಿ. ಪೃಷ್ಠವನ್ನು ಬಿಗಿದು, ಭುಜದಿಂದ ಮೊಣಕಾಲಿನವರೆಗೆ ಮೈ ಒಂದೇ ಗೆರೆಯಾಗುವಂತೆ ನಡುವನ್ನು ಎತ್ತಿರಿ. 5 ಎಣಿಸಿ ಇಳಿಸಿರಿ. 10 ಸಲ. ನಮ್ಮ ಯೋಗಪದ್ಧತಿಯ ಸೇತುಬಂಧಾಸನವೂ ಇದೇ ರೀತಿಯದು.

5. ಎದುರುಬದುರು ಕೈಕಾಲು ಚಾಚುವುದು: ಬೆಕ್ಕಿನಂತೆ ನಿಂತು ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿರಿ. 5 ಎಣಿಸಿರಿ. ಬೆನ್ನಿನ ಮೇಲೆ ನೀರಿನ ಲೋಟವಿದ್ದರೆ ಅದು ಚೆಲ್ಲಬಾರದು, ಅಷ್ಟು ಸ್ಥಿರವಾಗಿರಬೇಕು. ಬಳಿಕ ಇನ್ನೊಂದು ಬದಿ. ಒಂದೊಂದು ಬದಿಗೆ 8 ಸಲ. ಹೊಟ್ಟೆ ಬೆನ್ನು ಎರಡನ್ನೂ ಇದು ಬಲಪಡಿಸುತ್ತದೆ.

6. ಗೋಡೆಗೆ ಬೆನ್ನು ಕೊಡುವುದು: ಗೋಡೆಗೆ ಒರಗಿ ನಿಂತು, ಮೊಣಕೈ ಮಡಿಸಿದ ತೋಳುಗಳನ್ನು ಗೋಡೆಗೆ ತಾಗಿಸಿಕೊಂಡೇ ಮೇಲೆ ಕೆಳಗೆ ಜಾರಿಸಿರಿ. 10 ಸಲ. ತಲೆಹೊರೆ ಹೊರುವವರ ಕುತ್ತಿಗೆ ಭುಜಗಳಿಗೆ ಇದು ಹಿತಕರ.

7. ಹೊರಸಿನಿಂದ ಏಳುವುದು: ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ನಿಧಾನವಾಗಿ ಎದ್ದು, ನಿಧಾನವಾಗಿ ಕುಳಿತುಕೊಳ್ಳಿರಿ. 10 ಸಲ. ಮೊಣಕಾಲು ನೋವಿದ್ದವರಿಗೂ ಇದು ಸಹಾಯಕ. ಎತ್ತರದ ಕಟ್ಟೆಯಿಂದ ಪ್ರಾರಂಭಿಸಬಹುದು.

8. ಕೋಲಿನೊಂದಿಗೆ ಬಗ್ಗುವುದು: ಎಲ್ಲಕ್ಕಿಂತ ಮುಖ್ಯವಾದುದು ಇದು. ಕೋಲು ತಲೆಯ ಹಿಂಭಾಗ, ಬೆನ್ನಿನ ಮೇಲ್ಭಾಗ, ಬೆನ್ನೆಲುಬಿನ ತುದಿ ಈ ಮೂರು ಕಡೆಯೂ ತಾಗಿರಲಿ. ಮೊಣಕಾಲನ್ನು ಕೊಂಚ ಮಡಿಸಿ, ಪೃಷ್ಠವನ್ನು ಹಿಂದಕ್ಕೆ ಸರಿಸುತ್ತ ಬಗ್ಗಿರಿ. ಮೂರರಲ್ಲಿ ಒಂದೂ ಬಿಡಬಾರದು. 10 ಸಲ. ಒಬ್ಬರು ಮಾಡುವಾಗ ಇನ್ನೊಬ್ಬರು ನೋಡಿ ತಿದ್ದಬೇಕು.

ವಾರಕ್ಕೆ 5 ದಿನ, ದಿನಕ್ಕೆ 15 ನಿಮಿಷ ಸಾಕು. ಮೊದಲ ವಾರ 1, 2, 4, 8ನೆಯವುಗಳನ್ನು ಮಾತ್ರ ಮಾಡಿ, ಉಳಿದವನ್ನು ಕ್ರಮೇಣ ಸೇರಿಸಿರಿ. ಮಾಡುವಾಗ ಉಸಿರು ಕಟ್ಟಬಾರದು. ಹೊಸದರಲ್ಲಿ ಸ್ವಲ್ಪ ಮೈಕೈ ನೋವು ಬರುವುದು ಸಹಜ. ಮರುದಿನ ಬೆಳಿಗ್ಗೆಗೂ ನೋವು ಹೆಚ್ಚಾಗಿಯೇ ಉಳಿದಿದ್ದರೆ ಅರ್ಧಕ್ಕೆ ಇಳಿಸಿರಿ. ಕಾಲಿಗೆ ಹರಿಯುವ ನೋವು ಹೆಚ್ಚಾದರೆ ನಿಲ್ಲಿಸಿರಿ. ಎರಡು ಮೂರು ವಾರಗಳಲ್ಲಿ ಬದಲಾವಣೆ ತಿಳಿಯತೊಡಗುತ್ತದೆ. ಸ್ನಾಯು ನಿಜವಾಗಿ ಬಲಗೊಳ್ಳಲು 6ರಿಂದ 12 ವಾರ ಬೇಕು. ನಾಲ್ಕು ದಿನ ಮಾಡಿ ಗುಣವಾಗಲಿಲ್ಲವೆಂದು ಬಿಡುವುದು, ಬಿತ್ತಿದ ವಾರಕ್ಕೇ ರಾಶಿಗೆ ಕಾಯ್ದಂತೆ.

ಕೆಲಸದ ರೀತಿಯನ್ನೂ ತಿದ್ದಿಕೊಳ್ಳಬೇಕು

ಬೆಳಿಗ್ಗೆ 15 ನಿಮಿಷ ಅಂಗಸಾಧನೆ ಮಾಡಿ, ದಿನವೆಲ್ಲ ಹಳೆಯ ರೀತಿಯಲ್ಲಿಯೇ ಬಗ್ಗಿದರೆ ಪ್ರಯೋಜನ ಅಲ್ಪ. ಆದುದರಿಂದ:

ಕಳೆ ತೆಗೆಯುವಾಗ ಅಥವಾ ನಾಟಿ ಮಾಡುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಕೈಗಳನ್ನು ನಡುವಿಗೆ ಕೊಟ್ಟು ಹಿಂದಕ್ಕೆ 5 ಸಲ ಬಾಗಿರಿ. ಬಗ್ಗುವುದು, ಕುಕ್ಕರುಗಾಲಿನಲ್ಲಿ ಕೂರುವುದು, ಒಂದು ಮೊಣಕಾಲೂರುವುದು ಹೀಗೆ ಭಂಗಿಯನ್ನು ಬದಲಿಸುತ್ತಿರಿ. ಉದ್ದ ಹಿಡಿಕೆಯ ಸಲಕರಣೆ ಸಿಕ್ಕಲ್ಲಿ ಬಳಸಿರಿ.

ಬಗ್ಗಿದ ಕೆಲಸ ಮುಗಿದ ಕೂಡಲೇ ಚೀಲ ಎತ್ತಬೇಡಿರಿ. ನಾಲ್ಕು ಹೆಜ್ಜೆ ನಡೆದಾಡಿ ಅನಂತರ ಎತ್ತಿರಿ. ಎತ್ತುವಾಗ ಭಾರವು ಮೈಗೆ ಹತ್ತಿರವಿರಲಿ, ಮೊಣಕಾಲು ಮಡಿಯಲಿ. ಭಾರ ಹಿಡಿದು ನಡು ತಿರುಚಬಾರದು, ಪಾದಗಳನ್ನು ತಿರುಗಿಸಬೇಕು. ದೊಡ್ಡ ಚೀಲಕ್ಕೆ ಇಬ್ಬರು ಕೈಹಾಕಬೇಕು.

ಒಂದೇ ದೊಡ್ಡ ಕೊಡಕ್ಕಿಂತ ಎರಡು ಸಣ್ಣ ಕೊಡಗಳು ಲೇಸು. ಮಗುವನ್ನು ಒಂದೇ ಬದಿಯ ಟೊಂಕದ ಮೇಲೆ ಸದಾ ಕೂರಿಸಬೇಡಿರಿ.

ಎಲ್ಲಕ್ಕಿಂತ ಮಿಗಿಲಾಗಿ, ಮನೆಯ ಭಾರವನ್ನು ಗಂಡ ಹೆಂಡತಿ ಹಂಚಿಕೊಳ್ಳಬೇಕು. ಹೊಲದಿಂದ ಇಬ್ಬರೂ ಒಟ್ಟಿಗೆ ಮರಳುತ್ತಾರೆ. ಆದರೆ ಒಬ್ಬರು ಕಟ್ಟೆಯ ಮೇಲೆ ಕುಳಿತರೆ ಇನ್ನೊಬ್ಬರು ಕೊಡ ಹಿಡಿದು ನಳದ ಕಡೆ ಹೊರಡುತ್ತಾರೆ. ಗಂಡಸರು ನೀರು ತಂದರೆ ಮರ್ಯಾದೆ ಹೋಗುವುದಿಲ್ಲ. ಮನೆಯಾಕೆಯ ಬೆನ್ನು ಉಳಿಯುತ್ತದೆ.

ಗರ್ಭಿಣಿಯರು ಮತ್ತು ಬಾಣಂತಿಯರು

ಗರ್ಭಿಣಿಯರು 4ನೆಯ ತಿಂಗಳ ಬಳಿಕ ಅಂಗಾತ ಮಲಗಿ ಮಾಡುವ ಸಾಧನೆಗಳನ್ನು ಬಿಟ್ಟು, ಬೆಕ್ಕಿನ ಬೆನ್ನು ಮತ್ತು ಗೋಡೆಯ ಸಾಧನೆಗಳನ್ನು ವೈದ್ಯರನ್ನು ಕೇಳಿ ಮಾಡಬಹುದು. ಸಹಜ ಹೆರಿಗೆಯಾದವರು ಕೆಲವು ದಿನಗಳಲ್ಲೇ ಮಲಗಿದಲ್ಲಿಂದ ಪ್ರಾರಂಭಿಸಬಹುದು: ಉಸಿರು ಬಿಡುತ್ತ ಹೊಟ್ಟೆಯನ್ನು ಮೆಲ್ಲನೆ ಒಳಕ್ಕೆಳೆದುಕೊಳ್ಳುವುದು, ಮೂತ್ರವನ್ನು ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು 5 ಎಣಿಸುವವರೆಗೆ ಬಿಗಿದು ಸಡಿಲಿಸುವುದು, 10 ಸಲ. ಎರಡನೆಯದರಿಂದ ಕೆಮ್ಮಿದಾಗ, ಸೀನಿದಾಗ ಮೂತ್ರ ಸೋರುವ ತೊಂದರೆಯೂ ಕಡಿಮೆಯಾಗುತ್ತದೆ. ಹೇಳಿಕೊಳ್ಳಲು ನಾಚಿಕೊಳ್ಳುವ ಈ ತೊಂದರೆಯನ್ನು ಆರೋಗ್ಯ ಸಹಾಯಕಿಯ ಮುಂದೆ ಧೈರ್ಯವಾಗಿ ಹೇಳಿರಿ. ಸಿಸೇರಿಯನ್ ಆದವರು ವೈದ್ಯರ ಸಲಹೆ ಪಡೆದೇ ಪ್ರಾರಂಭಿಸಬೇಕು. 6 ವಾರ ಭಾರ ಎತ್ತಬಾರದು. ಬಾಣಂತಿಯ ನಡುವಿಗೆ ಬಟ್ಟೆ ಸುತ್ತುವ ಪದ್ಧತಿ ಕೆಲವು ದಿನ ಹಿತವೆನಿಸಬಹುದು, ಆದರೆ ಬಟ್ಟೆಯು ಸ್ನಾಯುವಿನ ಕೆಲಸ ಮಾಡಲಾರದು. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ನುಂಗಿರಿ.

ವೈದ್ಯರ ಬಳಿಗೆ ಯಾವಾಗ ಹೋಗಬೇಕು?

ಬಹುಪಾಲು ನಡುನೋವು ಅಂಗಸಾಧನೆಗೆ ಬಗ್ಗುತ್ತದೆ. ಆದರೆ ಕೆಳಗಿನ ಚಿಹ್ನೆಗಳಿದ್ದರೆ ಅಂಗಸಾಧನೆ ಮಾಡುತ್ತ ಕಾಲ ಕಳೆಯಬಾರದು:

ಕಾಲಿನಲ್ಲಿ ಬಲ ಕುಂದುವುದು. ತೊಡೆಸಂದಿಯ ಸುತ್ತ ಜೋಮು ಹಿಡಿಯುವುದು. ಮೂತ್ರ ಅಥವಾ ಮಲದ ಹತೋಟಿ ತಪ್ಪುವುದು. ಇವು ಕಂಡ ದಿನವೇ ಆಸ್ಪತ್ರೆಗೆ ಹೋಗಬೇಕು.

ಬಿದ್ದು ಪೆಟ್ಟಾದ ನಂತರದ ನೋವು. ಜ್ವರ, ತೂಕ ಇಳಿಯುವಿಕೆ, ರಾತ್ರಿ ನಿದ್ರೆ ಕೆಡಿಸುವ ನೋವು. ಕ್ಷಯರೋಗವು ಬೆನ್ನೆಲುಬಿಗೂ ತಗಲಬಹುದು.

ಹೆಂಗಸರಲ್ಲಿ ನಡುನೋವಿನೊಡನೆ ಕಿಬ್ಬೊಟ್ಟೆ ನೋವು, ದುರ್ವಾಸನೆಯ ಬಿಳಿ ಸೆರಗು, ಉರಿಮೂತ್ರ, ಗರ್ಭಿಣಿಯರಲ್ಲಿ ರಕ್ತಸ್ರಾವ.

ಇನ್ನೊಂದು ಎಚ್ಚರಿಕೆ ನಮ್ಮ ಜಿಲ್ಲೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಯಾದಗಿರಿ ಜಿಲ್ಲೆಯ ಕೆಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟಬಹುದು. ಇನ್ನೂ ಹೆಚ್ಚಾದರೆ ಎಲುಬು ಕೀಲುಗಳು ಪೆಡಸಾಗುತ್ತವೆ. ಮೊಣಕಾಲು ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲು, ಗದ್ದವನ್ನು ಎದೆಗೆ ತಾಗಿಸಲು, ಕೈಗಳನ್ನು ತಲೆಯ ಹಿಂದೆ ಜೋಡಿಸಲು ಆಗದಿದ್ದರೆ, ಅದರಲ್ಲಿಯೂ ಒಂದೇ ಬಾವಿಯ ನೀರು ಕುಡಿಯುವ ಹಲವರಲ್ಲಿ ಹೀಗಿದ್ದರೆ, ನೀರನ್ನು ಪರೀಕ್ಷೆ ಮಾಡಿಸಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ನೋವಿನ ಮಾತ್ರೆ ಮತ್ತು ಸೂಜಿಯನ್ನೇ ನಂಬಿ ತಿಂಗಳುಗಟ್ಟಲೆ ಕಾಲ ದೂಡಬೇಡಿರಿ. ಅವು ನೋವನ್ನು ಸ್ವಲ್ಪ ಹೊತ್ತು ಮರೆಸುತ್ತವೆ. ವೈದ್ಯರ ಸಲಹೆಯಿಲ್ಲದೆ ಬಹುಕಾಲ ನುಂಗಿದರೆ ಜಠರದಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ ಆಗಬಹುದು. ಸಂದೇಹ ಬಂದಾಗ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಅಗತ್ಯವಿದ್ದರೆ ಅಲ್ಲಿಂದ ಶಹಾಪುರ, ಸುರಪುರಗಳ ತಾಲ್ಲೂಕು ಆಸ್ಪತ್ರೆಗೆ ಇಲ್ಲವೆ ಯಾದಗಿರಿಯ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತಾರೆ.

ಕೊನೆಯ ಮಾತು

ಮೊದಲು ಹೇಳಿದ ದಂಪತಿಗಳು ಎರಡು ತಿಂಗಳ ಬಳಿಕ ಮತ್ತೆ ಬಂದರು. ನೋವು ಪೂರ್ತಿ ಹೋಗಿರಲಿಲ್ಲ. ಹತ್ತಿ ಬಿಡಿಸಿದ ದಿನ ಸಂಜೆ ಇನ್ನೂ ಸ್ವಲ್ಪ ಕಾಣಿಸಿಕೊಳ್ಳುತ್ತಿತ್ತು. ಆದರೆ ಮಾತ್ರೆ ನಿಂತಿತ್ತು. ಕೂಲಿ ತಪ್ಪುತ್ತಿರಲಿಲ್ಲ. ಬೆಳಗಿನ ನೀರು ತರುವ ಕೆಲಸ ಯಜಮಾನರದಾಗಿತ್ತು. ಕೋಲು ಹಿಡಿದು ಬಗ್ಗುವುದನ್ನು ಅವರೂ ಕಲಿತಿದ್ದರು. ನೆಗೆಣ್ಣಿಗೆ ಆಸ್ಪತ್ರೆಯಲ್ಲಿ ಸುಖವಾಗಿ ಹೆರಿಗೆಯಾಯಿತು. ಈ ಬಾರಿ ಶಸ್ತ್ರಚಿಕಿತ್ಸೆಯ ವಿಚಾರ ಕೇಳಲು ಬಂದವರು ಆಕೆಯಲ್ಲ, ಆಕೆಯ ಗಂಡ. ತಾನೇ ಮಾಡಿಸಿಕೊಳ್ಳಬಹುದೇ ಎಂದು ಕೇಳಲು ಬಂದಿದ್ದರು.

ದಂಪತಿಗಳೇ, ನಡುನೋವು ದುಡಿಯುವವರ ಹಣೆಬರಹವಲ್ಲ, ಶಸ್ತ್ರಚಿಕಿತ್ಸೆಯ ಫಲವೂ ಅಲ್ಲ. ನಾಳೆ ಬೆಳಿಗ್ಗೆ ಹೊಲಕ್ಕೆ ಹೊರಡುವ ಮೊದಲು ಚಾಪೆ ಹಾಸಿರಿ, ಮೂಲೆಯಲ್ಲಿರುವ ಕೋಲನ್ನು ತೆಗೆದುಕೊಳ್ಳಿರಿ. ಇಬ್ಬರೂ ಸೇರಿ ಪ್ರಾರಂಭಿಸಿರಿ.